ಮೋಡವೇ ಇಲ್ಲದ ದಿನ 300 ವ್ಯಾಟ್ ಬಿಸಿಲು ಎಲ್ಲಿ ಹೋಯಿತು?

ಮಹಡಿ ಮೇಷ್ಟ್ರು · ದಾವಣಗೆರೆ · ಜನವರಿ 18, ರಾತ್ರಿ 9:40

ಇವತ್ತು ಮಧ್ಯಾಹ್ನ ಆಕಾಶದಲ್ಲಿ ಹತ್ತಿ ಎಳೆಯಷ್ಟೂ ಮೋಡ ಇರಲಿಲ್ಲ. 12:35ಕ್ಕೆ, ಅಂದರೆ ನಮ್ಮೂರಿನ ನಿಜವಾದ ನಡು ಮಧ್ಯಾಹ್ನಕ್ಕೆ, ಮಹಡಿ ಮೇಲಿನ ಪೈರನೋಮೀಟರ್ 846 ತೋರಿಸಿತು. ಚದರ ಮೀಟರಿಗೆ 846 ವ್ಯಾಟ್.

ಗೊತ್ತಿಲ್ಲದವರಿಗೆ: ಪೈರನೋಮೀಟರ್ ಅಂದರೆ ಎರಡು ಪದರ ಗಾಜಿನ ಗುಮ್ಮಟದ ಕೆಳಗೆ ಇಟ್ಟ ಒಂದು ಕಪ್ಪು ಬಿಲ್ಲೆ. ಬಿಸಿಲಿಗೆ ಬಿಲ್ಲೆ ಕಾಯುತ್ತೆ. ಬಿಲ್ಲೆಗೂ ಕೆಳಗಿನ ಲೋಹಕ್ಕೂ ಇರುವ ಬಿಸಿಯ ವ್ಯತ್ಯಾಸ ಮಿಲಿವೋಲ್ಟ್ ಆಗಿ ಹೊರಗೆ ಬರುತ್ತೆ. ನನ್ನದು ಹಳೆಯದು, ಸ್ನೇಹಿತರೊಬ್ಬರು ಪ್ರಯೋಗಾಲಯ ಖಾಲಿ ಮಾಡುವಾಗ ಕೊಟ್ಟದ್ದು.

ಈಗ ಲೆಕ್ಕ. ವಾತಾವರಣದ ಹೊರಗೆ ಸೂರ್ಯನಿಗೆ ಎದುರಾಗಿ ಹಿಡಿದರೆ ಸರಾಸರಿ 1361 ವ್ಯಾಟ್. ಜನವರಿಯಲ್ಲಿ ಭೂಮಿ ಸೂರ್ಯನಿಗೆ ಸ್ವಲ್ಪ ಹತ್ತಿರ, ಹಾಗಾಗಿ 1400 ದಾಟುತ್ತೆ. ನಾವು ಹದಿನಾಲ್ಕೂವರೆ ಡಿಗ್ರಿ ಉತ್ತರದಲ್ಲಿದ್ದೇವೆ, ಸೂರ್ಯ ಈಗ ದಕ್ಷಿಣದಲ್ಲಿ. ಓರೆಯನ್ನು ಲೆಕ್ಕಕ್ಕೆ ಹಿಡಿದರೆ ಮೇಲೆ 1145ರ ಆಸುಪಾಸು. ಕೆಳಗೆ 846. ಸುಮಾರು 300 ಮಾಯ!

ಒಂದು ಸಾಫ್ಟ್‌ವೇರ್ ಮಾದರಿಗೆ ಊರು, ದಿನ, ಹೊತ್ತು ಕೊಟ್ಟೆ. ಅದು 895 ಬರಬೇಕು ಅಂತು. ಅಂದರೆ ಮಾದರಿಗೂ ನನಗೂ 49 ವ್ಯಾಟ್ ಜಗಳ.

ಇನ್ನೊಂದು ವಿಷಯ. ಮೋಡವಿಲ್ಲದ ಆಕಾಶ ಎಷ್ಟು ಬಿಸಿಲು ಹೀರುತ್ತೆ ಅಂತ ಅಳೆಯಲು ವಿಜ್ಞಾನಿಗಳು ಶಾಂತಸಾಗರದ ನಡುವೆ ಹೋಗಿದ್ದರಂತೆ. ಅಷ್ಟು ದೂರ ಯಾಕೆ? ನಮ್ಮ ಮಹಡಿ ಸಾಲದೇ?

ಖಾರಾ ಮಂಡಕ್ಕಿ · ದಾವಣಗೆರೆ

ಮೇಷ್ಟ್ರೇ, ಆ 300 ವ್ಯಾಟ್ ನನ್ನ ತಲೆ ಮೇಲೆ ಬಿತ್ತು. ಅದೇ ಹೊತ್ತಿಗೆ ಬೆಣ್ಣೆ ದೋಸೆಗೆ ಹೊರಗೆ ಬಿಸಿಲಲ್ಲಿ ನಿಂತಿದ್ದೆ.

ಏಳುಸುತ್ತಿನ ಸೋಲಾರ್ · ಚಿತ್ರದುರ್ಗ

ಸರ್, ನಾನು ಹತ್ತು ವರ್ಷದಿಂದ ಮನೆಗಳಿಗೆ ಸೋಲಾರ್ ಪ್ಯಾನೆಲ್ ಹಾಕುತ್ತಿದ್ದೇನೆ. ಇವತ್ತೇ ಹೊಳಲ್ಕೆರೆ ರಸ್ತೆಯ ಒಂದು ಸೈಟಿನಲ್ಲಿ ನನ್ನ ಸಿಲಿಕಾನ್ ಸೆನ್ಸರ್ 872 ತೋರಿಸಿತು. ನಿಮ್ಮ ಯಂತ್ರ ಹಳೆಯದಾಗಿದೆ, ಅಷ್ಟೇ. ಇಲ್ಲಾಂದ್ರೆ ಧೂಳು. ನಾವಂತೂ ಈ ಕಾಲದಲ್ಲಿ ಪ್ಯಾನೆಲ್ ಒರೆಸಿಯೇ ಸುಸ್ತು.

ಚಳ್ಳಕೆರೆ ಶೇಂಗಾ · ಊರು ಚಳ್ಳಕೆರೆ, ಸದ್ಯ ಬೆಂಗಳೂರು

ಮೇಷ್ಟ್ರೇ, ನಾನು ಓದಿದ್ದು ಇದೇ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಗಂಟು ಬಿಡಿಸೋಣ. ಕೆಳಗೆ ಬರದ 300ನ್ನೂ ಗಾಳಿ ನುಂಗಿಲ್ಲ. ಅದರಲ್ಲಿ ಒಂದಷ್ಟು ಚದುರಿ ಬಾಹ್ಯಾಕಾಶಕ್ಕೆ ವಾಪಸ್ ಹೋಗಿದೆ. ಆಕಾಶ ನೀಲಿ ಕಾಣುವುದು ಈ ಚದುರುವಿಕೆಯಿಂದಲೇ. ಕೆಳಕ್ಕೆ ಚದುರಿದ ನೀಲಿ ನಮಗೆ ಕಾಣುತ್ತೆ, ಮೇಲಕ್ಕೆ ಚದುರಿದ್ದು ಉಪಗ್ರಹಕ್ಕೆ ಕಾಣುತ್ತೆ. ನಿಮ್ಮ ಯಂತ್ರಕ್ಕೆ ಬಂದದ್ದು ಎಷ್ಟು ಅಂತ ಗೊತ್ತು. ಬರದೇ ಇದ್ದದ್ದು ಎಲ್ಲಿಗೆ ಹೋಯಿತು ಅಂತ ಅದು ಹೇಳಲಾರದು.

ಇನ್ನು ನುಂಗುವವರು ಯಾರು? ದೊಡ್ಡ ಪಾಲು ನೀರಾವಿಯದು. ಮೋಡದ ಹನಿ ಬೇರೆ, ಇದು ಕಣ್ಣಿಗೆ ಕಾಣದ ಆವಿ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಅದು ಹೆಚ್ಚು ಮುಟ್ಟುವುದಿಲ್ಲ. ಕೆಂಪಿನಿಂದ ಆಚೆ 0.94, 1.1, 1.38, 1.87, 2.7 ಮೈಕ್ರಾನ್ (ಬೆಳಕಿನ ಅಲೆಯುದ್ದದ ಅಳತೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಿರ ಪಟ್ಟಿಪಟ್ಟಿಯಾಗಿ ಕತ್ತರಿಸಿ ತೆಗೆಯುತ್ತೆ. ಓಝೋನ್ ಮೇಲಿನ ಪದರದಲ್ಲೇ ಅತಿನೇರಳೆಯನ್ನು ಹಿಡಿದುಕೊಳ್ಳುತ್ತೆ, ಕಾಣುವ ಬೆಳಕಲ್ಲೂ ಚೂರು ಮುರಿದುಕೊಳ್ಳುತ್ತೆ. ಆಮ್ಲಜನಕಕ್ಕೆ 0.76 ಮೈಕ್ರಾನ್ ಹತ್ತಿರ ಒಂದು ತೆಳು ಪಟ್ಟಿ. ಇಂಗಾಲದ ಡೈಆಕ್ಸೈಡ್ ಭೂಮಿಯಿಂದ ಹೊರಡುವ ಶಾಖದ ವಿಷಯದಲ್ಲಿ ದೊಡ್ಡ ಆಸಾಮಿ, ಬಿಸಿಲು ಹೀರುವುದರಲ್ಲಿ ಚಿಕ್ಕವನು. ಕೊನೆಗೆ ಹೊಗೆಯ ಮಸಿ.

ಇಡೀ ಭೂಮಿಗೆ, ಹಗಲು ರಾತ್ರಿ ಸೇರಿಸಿ ಸರಾಸರಿ ಹಿಡಿದರೆ ಮೇಲೆ ಬರುವುದು ಸುಮಾರು 340 ವ್ಯಾಟ್. ಅದರಲ್ಲಿ 100 ವಾಪಸ್. 160 ನೆಲಕ್ಕೆ, ಸಮುದ್ರಕ್ಕೆ. ಗಾಳಿ ಇಟ್ಟುಕೊಳ್ಳುವುದು 80ರ ಹತ್ತಿರ. ಈ 80 ಸರಿಯಾಗಿ ಎಷ್ಟು ಅನ್ನೋದಕ್ಕೇ ವರ್ಷಗಟ್ಟಲೆ ಜಗಳ ನಡೆದಿದ್ದು.

ಸೋಲಾರ್ ಅಣ್ಣಾ, ನಿಮ್ಮ ಸೆನ್ಸರ್‌ನ 872ನ್ನು ಮೇಷ್ಟ್ರ 846ರ ಪಕ್ಕ ಇಡಬೇಡಿ. ಊರು ಬೇರೆ ಅನ್ನೋದು ಹಾಗಿರಲಿ, ಸಿಲಿಕಾನಿಗೆ 1.1 ಮೈಕ್ರಾನ್‌ನಿಂದ ಆಚೆ ಕಣ್ಣೇ ಇಲ್ಲ. ನೀರಾವಿಯ ದೊಡ್ಡ ದೊಡ್ಡ ಪಟ್ಟಿಗಳು ಇರುವುದೇ ಆ ಕಡೆ. ಪ್ಯಾನೆಲ್‌ಗೆ ನಿಮ್ಮ ಸೆನ್ಸರ್ ಸರಿ, ಯಾಕಂದ್ರೆ ಪ್ಯಾನೆಲ್ಲೂ ಸಿಲಿಕಾನೇ. ಆಕಾಶದ ಲೆಕ್ಕಕ್ಕೆ ಅದು ಆಗಿಬರುವುದಿಲ್ಲ.

ಏಳುಸುತ್ತಿನ ಸೋಲಾರ್

ಮೇಡಂ, ಇದು ನನಗೆ ಹೊಸದು. ಮಳೆಗಾಲದ ನಡುವೆ ಮೋಡ ಬಿಟ್ಟ ದಿನ ನನ್ನ ಸೆನ್ಸರ್ ಯಾವಾಗಲೂ ಬೇರೆಯವರ ಗುಮ್ಮಟದ ಯಂತ್ರಕ್ಕಿಂತ ಜಾಸ್ತಿ ತೋರಿಸುತ್ತೆ. ಅದೇ ಕಾರಣನಾ?

ಚಳ್ಳಕೆರೆ ಶೇಂಗಾ

ಒಂದು ಕಾರಣ ಅದು. ಆವಿ ಜಾಸ್ತಿಯಾದಾಗ ಕತ್ತರಿ ಬೀಳುವುದು ನಿಮ್ಮ ಸೆನ್ಸರ್‌ಗೆ ಕಾಣದ ಕಡೆ. ಅದಕ್ಕೆ ನಷ್ಟ ಪೂರ್ತಿ ಗೊತ್ತೇ ಆಗುವುದಿಲ್ಲ.

ಜಗಳೂರು ಜಾಲಿ · ಜಗಳೂರು

ಓದಿದೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಮಾದರಿಗಳ ಮೇಲೆ ನನಗೆ ನಂಬಿಕೆ ಕಮ್ಮಿ. ನಮ್ಮ ಹೊಲಕ್ಕೆ ಮಳೆ ಬರುತ್ತೆ ಅಂತ ಹೇಳಿ ಎಷ್ಟು ಸಲ ಕೈ ಕೊಟ್ಟಿಲ್ಲ? ಈ 49ರ ತಪ್ಪು ಮೇಷ್ಟ್ರ ಯಂತ್ರದ್ದೋ ಮಾದರಿಯದ್ದೋ, ಅದನ್ನು ಮೊದಲು ಹೇಳಿ. ಆಮೇಲೆ ಸಮುದ್ರ.

ಚಳ್ಳಕೆರೆ ಶೇಂಗಾ

ಸಮುದ್ರಕ್ಕೆ ಹೋಗದೆ ಅದು ಗೊತ್ತಾಗುವುದು ಕಷ್ಟ ಅಣ್ಣಾ, ಅದಕ್ಕೇ ಹೋದರು.

ಮೇಷ್ಟ್ರ ಮಹಡಿಯಿಂದ ಸುತ್ತ ಕಣ್ಣು ಹಾಯಿಸಿ. ಸುಣ್ಣ ಬಳಿದ ತಾರಸಿ. ಡಾಂಬರು. ಆಚೆ ಭದ್ರಾ ನಾಲೆಯ ಗದ್ದೆ. ಇನ್ನೂ ಆಚೆ ನಿಮ್ಮ ಕಡೆಯ ಕೆಂಪು ಮಣ್ಣು, ನಡುವೆ ಎರೆ ಹೊಲ. ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಬೆಳಕನ್ನು ಮೇಲಕ್ಕೆ ಎರಚುತ್ತೆ. ಬಿಸಿಲು ಅಳೆಯುವ ಉಪಗ್ರಹ ಒಂದು ಸಲ ಕಣ್ಣು ಬಿಟ್ಟರೆ ಹತ್ತಾರು ಕಿಲೋಮೀಟರ್ ಒಟ್ಟಿಗೆ ಕಾಣುತ್ತೆ. ಅದಕ್ಕೆ ಕಂಡ ನೆಲವೂ ಮೇಷ್ಟ್ರ ಯಂತ್ರದ ಕೆಳಗಿನ ನೆಲವೂ ಒಂದೇ ಅಲ್ಲ.

ಸಮುದ್ರ ಹಾಗಲ್ಲ. ಸೂರ್ಯ ನೆತ್ತಿ ಮೇಲಿದ್ದಾಗ ನೂರಕ್ಕೆ ಐದಾರು ಪಾಲು ಮಾತ್ರ ವಾಪಸ್ ಕಳಿಸುತ್ತೆ. ಕಪ್ಪಗೆ, ನೂರಾರು ಕಿಲೋಮೀಟರ್ ಒಂದೇ ಥರ. ಜೊತೆಗೆ ಉಷ್ಣವಲಯದ ಸಮುದ್ರದ ಮೇಲೆ ಆವಿ ವಿಪರೀತ. ತಲೆ ಮೇಲಿನ ಇಡೀ ಗಾಳಿಯ ಆವಿಯನ್ನು ಹಿಂಡಿದರೆ ನಾಲ್ಕೈದು ಸೆಂಟಿಮೀಟರ್ ನೀರು ನಿಲ್ಲುತ್ತೆ. ಜನವರಿಯ ಒಣಗಾಳಿಯಲ್ಲಿ ನಮ್ಮ ಕಡೆ ಅದರ ಅರ್ಧ ಸಿಕ್ಕರೆ ಹೆಚ್ಚು. ಮಾದರಿಯಲ್ಲಿ ನೀರಾವಿಯ ಲೆಕ್ಕ ತಪ್ಪಿದ್ದರೆ ಅಲ್ಲಿ ಎದ್ದು ಕಾಣಬೇಕು.

ಲೆಕ್ಕದ ರೀತಿ ಸುಲಭ. ಮೇಲೆ ಬಂದದ್ದರಲ್ಲಿ ವಾಪಸ್ ಹೋದದ್ದನ್ನು ಕಳೆಯಿರಿ. ಉಳಿದದ್ದರಲ್ಲಿ ಸಮುದ್ರಕ್ಕೆ ಇಳಿದದ್ದನ್ನು ಕಳೆಯಿರಿ. ಕೊನೆಗೆ ಕೈಯಲ್ಲಿ ಉಳಿಯುವುದು ಗಾಳಿ ನುಂಗಿದ್ದು. ಉಷ್ಣವಲಯದಲ್ಲಿ ಮೇಲೆ ಬಂದದ್ದರ ಐದನೇ ಒಂದು ಪಾಲಿನ ಆಸುಪಾಸು.

1993ರ ಮಾರ್ಚ್‌ನಲ್ಲಿ ಸೆಪೆಕ್ಸ್ ಅನ್ನುವ ಪ್ರಯೋಗ ನಡೆಯಿತು. ನೆಲೆ ಫಿಜಿ ದ್ವೀಪ. ನಾಸಾದ ಇಆರ್-2 ವಿಮಾನ ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ಹಾರಿ ಕೆಳಗಿನಿಂದ ವಾಪಸ್ ಬರುವ ಬೆಳಕನ್ನು ಅಳೆಯಿತು. ಕೆಳಗೆ ಜಾನ್ ವಿಕರ್ಸ್ ಅನ್ನುವ ಹಡಗು. ಮುಂದೆ ನಿಂತವರಲ್ಲಿ ವಿ. ರಾಮನಾಥನ್ ಮುಖ್ಯರು. ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಓದಿದವರು.

ಜಗಳೂರು ಜಾಲಿ

ಕಳೆದು ಕಳೆದು ಉಳಿದದ್ದು ಅಂದ್ರೆ ನನಗೆ ಎಪಿಎಂಸಿ ನೆನಪಾಗುತ್ತೆ. ಮೆಕ್ಕೆಜೋಳದ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಡ್ರೈವರ್ ಇದ್ದಾಗ ಒಂದು ತೂಕ, ಇಳಿದಾಗ ಒಂದು ತೂಕ ತೆಗೆದು ಅವನ ಜೇಬಿನ ಅಡಿಕೆ ಎಷ್ಟು ಅಂತ ಹೇಳಿದ ಹಾಗೆ. ವೇಬ್ರಿಡ್ಜ್ ಹತ್ತು ಕೆಜಿ ಆ ಕಡೆ ಈ ಕಡೆ ಆದರೆ ಮುಗೀತು ಕಥೆ.

ಚಳ್ಳಕೆರೆ ಶೇಂಗಾ

ಜಾಲಿ ಅಣ್ಣಾ, ಇಡೀ ಸಮಸ್ಯೆಯನ್ನು ಒಂದೇ ಏಟಿಗೆ ಹೇಳಿಬಿಟ್ಟಿರಿ! ಸಾವಿರ ವ್ಯಾಟಿನಲ್ಲಿ ನೂರಕ್ಕೆ ಒಂದು ತಪ್ಪಿದರೆ ಹತ್ತು ವ್ಯಾಟ್. ಆ ತಪ್ಪುಗಳೆಲ್ಲ ಬಂದು ಕೂರುವುದು ಕೊನೆಯ ಚಿಕ್ಕ ಸಂಖ್ಯೆಯ ತಲೆ ಮೇಲೆ. ಜಗಳ ಇದ್ದದ್ದೂ ಹತ್ತು ಇಪ್ಪತ್ತು ವ್ಯಾಟಿನದೇ.

ಹರಿಹರದ ನಾವಿಕ · ಹರಿಹರ (ರಜೆಯಲ್ಲಿ)

ಹಡಗಿನ ಮಾತು ಬಂತಲ್ಲ, ನಾನೂ ಬರೀತೀನಿ. ಸರಕು ಹಡಗಿನಲ್ಲಿ ಕೆಲಸ. ನಮ್ಮಂಥ ಹಡಗುಗಳಿಂದಲೂ ಹವೆಯ ವರದಿ ಕಳಿಸುವ ರೂಢಿ ಇದೆ, ಹಾಗಾಗಿ ಉಪಕರಣಗಳ ಪಾಡು ಗೊತ್ತು.

ಮೊದಲ ಶತ್ರು ಉಪ್ಪು. ಬೆಳಗ್ಗೆ ಗಾಜು ಒರೆಸಿ ಬಂದರೆ ಸಂಜೆ ಹೊತ್ತಿಗೆ ಬೂದು ಪೊರೆ. ಕೈ ಆಡಿಸಿ ನಾಲಗೆಗೆ ಇಟ್ಟರೆ ಉಪ್ಪು. ಎರಡನೆಯದು ನೆರಳು. ಮಾಸ್ತು, ಕ್ರೇನ್, ಹಗ್ಗ, ಹೊಗೆ ಕೊಳವೆ. ಹಡಗು ತಿರುಗಿದ ಹಾಗೆ ಯಾವುದೋ ಒಂದರ ನೆರಳು ಗಾಜಿನ ಮೇಲೆ ಹಾದುಹೋಗುತ್ತೆ. ಕಾಗದದ ಮೇಲೆ ಅದು ಮೋಡ ಬಂದ ಹಾಗೇ ಕಾಣುತ್ತೆ.

ಮೂರನೆಯದು ಓಲಾಟ. ಸೂರ್ಯ ಆಕಾಶದ ನಡುಮಟ್ಟದಲ್ಲಿ, 45 ಡಿಗ್ರಿಯಲ್ಲಿ ಇದ್ದಾಗ ಹಡಗು ಅವನ ಕಡೆ 5 ಡಿಗ್ರಿ ವಾಲಿದರೆ ನೇರ ಬಿಸಿಲು ನೂರಕ್ಕೆ ಎಂಟು ಜಾಸ್ತಿ ಬೀಳುತ್ತೆ. ಲೆಕ್ಕ ಹಾಕಿ ನೋಡಿ. 5 ಡಿಗ್ರಿ ಓಲಾಟ ಅಂದ್ರೆ ನಮಗೆ ಚಹಾ ಚೆಲ್ಲದ ದಿನ. ಅದಕ್ಕೇ ಯಂತ್ರವನ್ನು ತೂಗುಚೌಕಟ್ಟಿನಲ್ಲಿ ಕೂರಿಸುತ್ತಾರೆ, ಹಳೆಯ ದಿಕ್ಸೂಚಿ ಕೂರಿಸುತ್ತಿದ್ದ ಹಾಗೆ. ಅದೂ ಪೂರ್ತಿ ಸಾಲದು.

ಖಾರಾ ಮಂಡಕ್ಕಿ

ಸಿ.ವಿ. ರಾಮನ್ ಕೂಡ 1921ರಲ್ಲಿ ಹಡಗಿನಲ್ಲೇ ಅಲ್ವಾ ಸಮುದ್ರ ಯಾಕೆ ನೀಲಿ ಅಂತ ಯೋಚನೆ ಮಾಡಿದ್ದು? ನಾನು ಹಡಗು ಹತ್ತಿದರೆ ವಾಂತಿ ಬಿಟ್ಟು ಬೇರೆ ಯೋಚನೆ ಬರಲ್ಲ.

ಮಹಡಿ ಮೇಷ್ಟ್ರು

ಶೇಂಗಾ ಅವರೇ, ಜಗಳ ಅಂದಿರಿ. ಅದರ ಕಥೆ ಪೂರ್ತಿ ಹೇಳಿ. ಮತ್ತೆ ನನ್ನ 49 ಮರೆಯಬೇಡಿ.

ಚಳ್ಳಕೆರೆ ಶೇಂಗಾ · ಜನವರಿ 19, ರಾತ್ರಿ 11:05

ಹೇಳ್ತೀನಿ.

1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಟ್ಟೊಟ್ಟಿಗೆ ಕೆಲವು ಪ್ರಬಂಧಗಳು ಬಂದವು. ಮೋಡಗಳು ಮಾದರಿಗಳು ಹೇಳುವುದಕ್ಕಿಂತ ತುಂಬಾ ಜಾಸ್ತಿ ಬಿಸಿಲು ಹೀರುತ್ತವೆ, ಇಡೀ ಭೂಮಿಯ ಸರಾಸರಿಗೆ ಸುಮಾರು 25 ವ್ಯಾಟ್ ಹೆಚ್ಚು ಅಂತ ವಾದ. ದೊಡ್ಡ ಗಲಾಟೆ ಆಯಿತು. ಆಗ ಕೆಲವರು ಕೇಳಿದ ಪ್ರಶ್ನೆ ಸರಳ: ಮೋಡ ಹಾಗಿರಲಿ, ಮೋಡವೇ ಇಲ್ಲದ ಆಕಾಶದ ಲೆಕ್ಕ ಸರಿ ಇದೆಯೇ? ಅಡಿಪಾಯ ಹತ್ತು ವ್ಯಾಟ್ ವಾಲಿದ್ದರೆ ಮೇಲಿನ ಮಹಡಿ ನೆಟ್ಟಗಿರುತ್ತಾ? ಸೆಪೆಕ್ಸ್‌ನ ಮೋಡವಿಲ್ಲದ ಹೊತ್ತಿನ ಅಳತೆಗಳಿಗೆ ಬೆಲೆ ಬಂದದ್ದು ಹೀಗೆ.

ಮಾದರಿ ಅಂದರೇನು ಅಂತ ಜಾಲಿ ಅಣ್ಣನಿಗಾಗಿ ಎರಡು ಮಾತು. ನೀರಿನ ಅಣು ಹೀರುವುದು ಒಂದು ಪಟ್ಟಿ ಅಂದೆನಲ್ಲ, ಹತ್ತಿರ ಹೋಗಿ ನೋಡಿದರೆ ಆ ಪಟ್ಟಿ ಸಾವಿರಾರು ಸಣ್ಣ ಗೆರೆಗಳ ಗುಂಪು, ಬಾಚಣಿಗೆ ಹಲ್ಲಿನ ಹಾಗೆ. ಒಂದೊಂದು ಗೆರೆ ಎಲ್ಲಿದೆ, ಎಷ್ಟು ಬಲ ಅಂತ ಹಿಟ್ರಾನ್ ಅನ್ನುವ ದತ್ತಸಂಗ್ರಹದಲ್ಲಿ ಬರೆದಿಟ್ಟಿದ್ದಾರೆ. ಗೆರೆ ಗೆರೆ ಲೆಕ್ಕ ಹಾಕಿದರೆ ಉತ್ತರ ಚೆನ್ನಾಗಿ ಬರುತ್ತೆ, ಆದರೆ ಕಂಪ್ಯೂಟರ್ ಸೋತುಹೋಗುತ್ತೆ. ಅದಕ್ಕೇ ಇಡೀ ಭೂಮಿಯ ಹವಾಮಾನ ಮಾದರಿಗಳು ಅಡ್ಡದಾರಿ ಹಿಡಿಯುತ್ತವೆ. 1974ರಲ್ಲಿ ಲೇಸಿಸ್, ಹ್ಯಾನ್ಸೆನ್ ಕೊಟ್ಟ ಒಂದು ಸುಲಭ ಸೂತ್ರವನ್ನು ಹಲವು ಮಾದರಿಗಳು ಬಹಳ ಕಾಲ ಬಳಸಿದವು.

ಇಲ್ಲೊಂದು ಸ್ವಾರಸ್ಯ ಇದೆ. ಬಲವಾದ ಗೆರೆಗಳಲ್ಲಿ ಬೆಳಕು ಮೇಲೇ ಖಾಲಿಯಾಗಿಬಿಡುತ್ತೆ. ಅಲ್ಲಿ ಆವಿ ಎರಡು ಪಟ್ಟಾದರೂ ಹೀರಲು ಏನೂ ಉಳಿದಿರಲ್ಲ. ಹಾಗಾಗಿ ಮೊದಲ ಒಂದು ಸೆಂಟಿಮೀಟರ್ ನೀರು ಮಾಡುವಷ್ಟು ಕೆಲಸವನ್ನು ಐದನೆಯದು ಮಾಡಲ್ಲ. ಆದರೆ ದುರ್ಬಲ ಗೆರೆಗಳು, ಗೆರೆಗಳ ನಡುವೆ ಮಬ್ಬಾಗಿ ಹರಡಿದ ಹೀರಿಕೆ, ಇವು ಆವಿ ಹೆಚ್ಚಿದಷ್ಟೂ ಕೆಲಸ ಮಾಡುತ್ತಲೇ ಇರುತ್ತವೆ. ಹಳೆಯ ಸೂತ್ರಗಳಲ್ಲಿ ಕೊರತೆ ಇದ್ದದ್ದು ಇಲ್ಲಿ. ಒಣ ಹವೆಯಲ್ಲಿ ಈ ಕೊರತೆ ಅಡಗಿಕೊಂಡಿರುತ್ತೆ, ಉಷ್ಣವಲಯದ ಸಮುದ್ರದ ಮೇಲೆ ಬಯಲಾಗುತ್ತೆ. 2000ದ ಆಸುಪಾಸಿನಲ್ಲಿ ಹಿಟ್ರಾನ್‌ನ ನೀರಿನ ಗೆರೆಗಳ ಬಲವನ್ನೇ ತಿದ್ದಿದರು. ಮಾದರಿಗಳ ಹೀರಿಕೆ ಏರಿತು.

ಹಾಗಾದ್ರೆ ಮಾದರಿಯವರೇ ತಪ್ಪಿತಸ್ಥರು ಅನ್ನಬೇಡಿ. ಯಂತ್ರವೂ ಸುಳ್ಳು ಹೇಳುತ್ತಿತ್ತು. ಮೇಷ್ಟ್ರೇ, ಇದು ನಿಮಗೆ. ಪೈರನೋಮೀಟರ್‌ನ ಗಾಜಿನ ಗುಮ್ಮಟ ತಣ್ಣನೆಯ ಆಕಾಶಕ್ಕೆ ಶಾಖ ಬಿಟ್ಟುಕೊಡುತ್ತಾ ಇರುತ್ತೆ, ಹಾಗಾಗಿ ಒಳಗಿನ ಬಿಲ್ಲೆಗಿಂತ ತಂಪಾಗಿರುತ್ತೆ. ಬಿಲ್ಲೆ ತನ್ನ ಶಾಖವನ್ನು ಗಾಜಿಗೆ ಕಳೆದುಕೊಳ್ಳುತ್ತೆ. ಯಂತ್ರ ಅದನ್ನು ಬಿಸಿಲು ಕಮ್ಮಿ ಅಂತ ಓದುತ್ತೆ. ಮೋಡವಿಲ್ಲದ ದಿನವೇ ಈ ತಪ್ಪು ಹೆಚ್ಚು, ಯಾಕಂದ್ರೆ ಆಗ ಆಕಾಶ ಹೆಚ್ಚು ತಣ್ಣಗೆ. ನೆಲಕ್ಕೆ ಬಂದದ್ದು ಕಮ್ಮಿ ಅಂತ ಯಂತ್ರ ಹೇಳಿದರೆ ಗಾಳಿ ಜಾಸ್ತಿ ನುಂಗಿದೆ ಅಂತ ನಾವು ಬರೆದುಕೊಳ್ಳುತ್ತೇವೆ. ಇದನ್ನು ತಿದ್ದಿದ ಮೇಲೆ ಅಳತೆಯ ಹೀರಿಕೆ ಇಳಿಯಿತು. ಆ ಕಡೆ ಮಾದರಿ ಏರಿತು. ಇಬ್ಬರೂ ನಡುದಾರಿಯಲ್ಲಿ ಸಿಕ್ಕರು.

ನಿಮ್ಮ ಯಂತ್ರದ ಗುಣ ತಿಳಿಯಬೇಕೇ? ನಡುರಾತ್ರಿ ಎಷ್ಟು ತೋರಿಸುತ್ತೆ ನೋಡಿ. ಆಮೇಲೆ ಹಗಲು, ನಡು ಬಿಸಿಲಲ್ಲಿ, ನೆರಳಲ್ಲಿಟ್ಟಿದ್ದ ಒಂದು ಪಾತ್ರೆಯನ್ನು ಅದರ ಮೇಲೆ ಕವುಚಿ. ಪಾತ್ರೆ ಮೇಲೆ ಒಂದು ಬಿಳಿ ಬಟ್ಟೆ ಇರಲಿ, ಕಾಯಬಾರದು. ಒಂದೆರಡು ನಿಮಿಷ ಸಂಖ್ಯೆ ಬರೆದುಕೊಳ್ಳಿ.

ಏಳುಸುತ್ತಿನ ಸೋಲಾರ್

ರಾತ್ರಿ ಸೊನ್ನೆ ತಾನೇ ಇರುತ್ತೆ ಮೇಡಂ? ಸೂರ್ಯನೇ ಇಲ್ಲ.

ಮಹಡಿ ಮೇಷ್ಟ್ರು · ಜನವರಿ 21, ಬೆಳಗ್ಗೆ

ನನ್ನದೂ ರಾತ್ರಿಯಿಡೀ ಸೊನ್ನೆ. ನೋಡಿ, ಚೆನ್ನಾಗಿಯೇ ಇದೆ.

ಚಳ್ಳಕೆರೆ ಶೇಂಗಾ

ಒಂದು ಚೂರೂ ಅಲುಗದ ಸೊನ್ನೆ? ಮೇಷ್ಟ್ರೇ, ಲಾಗರ್, ಅಂದರೆ ಸಂಖ್ಯೆ ಬರೆದಿಡುವ ಪೆಟ್ಟಿಗೆ, ಅದರ ಸೆಟ್ಟಿಂಗ್ ನೋಡಿ. ಕೆಲವು ಲಾಗರ್‌ಗಳು ಸೊನ್ನೆಗಿಂತ ಕೆಳಗಿನದನ್ನೆಲ್ಲ ಸೊನ್ನೆ ಅಂತ ಬರೆದುಬಿಡುತ್ತವೆ.

ಮಹಡಿ ಮೇಷ್ಟ್ರು · ಜನವರಿ 22, ಬೆಳಗ್ಗೆ

ನಾಚಿಕೆ ಆಗ್ತಿದೆ. ನೀವು ಹೇಳಿದ ಹಾಗೇ ಇತ್ತು. ಆ ಗುರುತು ತೆಗೆದೆ. ನಿನ್ನೆ ರಾತ್ರಿ ಎರಡು ಗಂಟೆಗೆ ಮೈನಸ್ 4, ಮೈನಸ್ 5. ಇಬ್ಬನಿ ಬೀಳುವ ಹೊತ್ತಿಗೆ ಮೈನಸ್ 3. ನನ್ನ ಮಹಡಿಯಿಂದ ರಾತ್ರಿ ಬಿಸಿಲು ಆಕಾಶಕ್ಕೆ ಹೋಗುತ್ತಿದೆ ಅಂತ ಯಂತ್ರ ಹೇಳುತ್ತಿದೆ. ಎಷ್ಟು ತಿಂಗಳಿಂದ ಸೊನ್ನೆ ನೋಡಿ ಖುಷಿಪಟ್ಟಿದ್ದೆನೋ!

ಜಗಳೂರು ಜಾಲಿ

ಮೇಷ್ಟ್ರೇ, ಲಾಗರ್ ಮಾತ್ರ ಅಲ್ಲ, ನಮ್ಮೂರ ಕೆಲವು ಸಂಘಗಳ ಜಮಾ ಖರ್ಚೂ ಹೀಗೇ. ನಷ್ಟ ಬಂದ ಕಡೆ ಸೊನ್ನೆ.

ಚಳ್ಳಕೆರೆ ಶೇಂಗಾ

ಇಂಥ ಸಣ್ಣ ಸಣ್ಣ ವಿಷಯಕ್ಕೆ ಜೀವ ತೇಯ್ದವರು ನಮ್ಮಲ್ಲೂ ಇದ್ದರು. ಅನ್ನಾ ಮಣಿ ಅಂತ ಕೇಳಿದ್ದೀರಾ? ಬೆಂಗಳೂರಿನಲ್ಲಿ ರಾಮನ್ ಹತ್ತಿರ ಕೆಲಸ ಮಾಡಿ, ಆಮೇಲೆ ಹವಾಮಾನ ಇಲಾಖೆ ಸೇರಿ, ದೇಶದ ಬಿಸಿಲು ಅಳೆಯುವ ಕೇಂದ್ರಗಳ ಜಾಲವನ್ನು, ಆ ಯಂತ್ರಗಳನ್ನು ಇಲ್ಲೇ ತಯಾರಿಸಿ ಒಂದಕ್ಕೊಂದು ಹೋಲಿಸಿ ಸರಿಪಡಿಸುವ ಕೆಲಸವನ್ನು ಕಟ್ಟಿ ನಿಲ್ಲಿಸಿದವರು. ಮುಂದೆ ಗಾಳಿಯ ಅಳತೆಗೂ ಕೈ ಹಾಕಿದರು. ದುರ್ಗದ ಗುಡ್ಡಗಳ ಗಾಳಿಯಂತ್ರ ಕಂಡಾಗ ನನಗೆ ಅವರೇ ನೆನಪಾಗೋದು.

ಮಹಡಿ ಮೇಷ್ಟ್ರು · ಜನವರಿ 24, ಸಂಜೆ

ಇವತ್ತು ಮತ್ತೆ ಚೊಕ್ಕ ಆಕಾಶ. ಕ್ರಮವಾಗಿ ಹೇಳ್ತೀನಿ.

ಮೊದಲು ಗುಮ್ಮಟ. ದೂರದಿಂದ ಶುಭ್ರ. ಕಣ್ಣು ಹತ್ತಿರ ಇಟ್ಟು ನೋಡಿದರೆ ಸಣ್ಣ ಬೂದಿ ಕಣಗಳು, ಒಂದು ಕಡೆ ಕಾಗೆ ಹಿಕ್ಕೆಯ ಒಣಗಿದ ಚುಕ್ಕೆ. ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿದ ಕೂಡಲೇ 11 ವ್ಯಾಟ್ ಏರಿತು.

ಆಮೇಲೆ ಮಟ್ಟ. ಯಂತ್ರದಲ್ಲೇ ಒಂದು ನೀರ್ಗುಳ್ಳೆ ಇದೆ. ಅದು ವೃತ್ತದ ಅಂಚಿಗೆ ಹೋಗಿ ಕೂತಿತ್ತು. ಸುಮಾರು ಒಂದು ಡಿಗ್ರಿ ಉತ್ತರಕ್ಕೆ ವಾಲಿದೆ, ಸೂರ್ಯ ದಕ್ಷಿಣದಲ್ಲಿ. ಸ್ಕ್ರೂ ತಿರುಗಿಸಿ ಸರಿ ಮಾಡಿದೆ, ಮತ್ತೆ 9. ನಾವಿಕರ ಓಲಾಟ ನನ್ನ ಗಟ್ಟಿ ಸಿಮೆಂಟ್ ಮಹಡಿ ಮೇಲೂ ಇತ್ತು ಅಂತಾಯ್ತು.

ಕೊನೆಗೆ ಪಾತ್ರೆ. ಅಡುಗೆಮನೆಯಿಂದ ಸ್ಟೀಲ್ ಡಬರಿ ತಂದೆ. ಕವುಚಿದ ಕೂಡಲೇ ಸಂಖ್ಯೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು. ಸೊನ್ನೆಗೆ ನಿಲ್ಲಲಿಲ್ಲ! ಮೈನಸ್ 7ಕ್ಕೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ನಿಧಾನಕ್ಕೆ ಮೇಲೆ ಬಂತು. ಬಿಲ್ಲೆಗೆ ಕತ್ತಲು ಕೂಡಲೇ ಗೊತ್ತಾಗುತ್ತೆ, ತಣ್ಣನೆಯ ಗಾಜು ಬೆಚ್ಚಗಾಗಲು ಹೊತ್ತು ಬೇಕು. ಆ 7 ನನ್ನ ಯಂತ್ರದ ಹಗಲಿನ ಸುಳ್ಳು, ಅಲ್ವಾ?

ಹಳೆಯ 49ರಲ್ಲಿ 11, 9, 7 ಹೋದರೆ 22 ಉಳಿಯಿತು. ಇವತ್ತಿನ ಮಾದರಿ ಸಂಖ್ಯೆಯ ಜೊತೆ ಹೋಲಿಸಿದರೂ ಅಂತರ ಅಷ್ಟೇ.

ಚಳ್ಳಕೆರೆ ಶೇಂಗಾ

ಅಲ್ಲವೇ ಮತ್ತೆ! ತುಂಬಾ ಚೆನ್ನಾಗಿ ಮಾಡಿದ್ದೀರಿ ಮೇಷ್ಟ್ರೇ. ಜಾಲಿ ಅಣ್ಣಾ, ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ. 27 ಯಂತ್ರದ್ದು. ಉಳಿದ 22ಕ್ಕೆ ಮಾದರಿಯನ್ನು ಕೇಳಬೇಕು. ಮೇಷ್ಟ್ರೇ, ಮಾದರಿಗೆ ಗಾಳಿಯ ಮಬ್ಬು ಎಷ್ಟು ಅಂತ ಕೊಟ್ಟಿದ್ರಾ?

ಮಹಡಿ ಮೇಷ್ಟ್ರು

ಇಲ್ಲ. ಅಲ್ಲಿ ‘ಶುದ್ಧ ಗಾಳಿ’ ಅಂತ ಮೊದಲೇ ಇತ್ತು. ಹಾಗೇ ಬಿಟ್ಟೆ.

ಖಾರಾ ಮಂಡಕ್ಕಿ

ದಾವಣಗೆರೆಯಲ್ಲಿ ಶುದ್ಧ ಗಾಳಿ! ಮೇಷ್ಟ್ರೇ, ಒಂದು ಬೆಳಗ್ಗೆ ಮಂಡಕ್ಕಿ ಭಟ್ಟಿ ಕಡೆ ವಾಕಿಂಗ್ ಬನ್ನಿ.

ಚಳ್ಳಕೆರೆ ಶೇಂಗಾ

ಮಂಡಕ್ಕಿಯವರು ತಮಾಷೆಗೆ ಹೇಳಿದ್ದು ವಿಷಯಕ್ಕೇ ಬಂತು. ಭಟ್ಟಿ, ಒಲೆ, ವಾಹನ, ಸುಟ್ಟ ಕೂಳೆ, ಎಲ್ಲ ಊರಿನ ಹೊಗೆಯೂ ಚಳಿಗಾಲದಲ್ಲಿ ಈಶಾನ್ಯದ ಗಾಳಿ ಹಿಡಿದು ಅರಬ್ಬಿ ಸಮುದ್ರ, ಹಿಂದೂ ಮಹಾಸಾಗರದ ಕಡೆ ಹೋಗುತ್ತೆ. 1999ರ ಜನವರಿಯಿಂದ ಮಾರ್ಚ್‌ವರೆಗೆ ಇಂಡೋಎಕ್ಸ್ ಅಂತ ದೊಡ್ಡ ಪ್ರಯೋಗ ನಡೆದದ್ದು ಇದನ್ನೇ ಹಿಡಿಯಲು. ನಮ್ಮ ದೇಶದ ಸಾಗರ ಕನ್ಯಾ ಹಡಗು ಇತ್ತು. ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದಲ್ಲಿ ವೀಕ್ಷಣಾಲಯ ಇತ್ತು. ಅಲ್ಲಿನ ಅಳತೆಗಳ ಮೇಲೆ ಸತೀಶ್, ರಾಮನಾಥನ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಸತೀಶ್ ಈಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ ಇದ್ದಾರೆ. ಹೊಗೆಯಿಂದ ವಾತಾವರಣದ ಮೇಲ್ತುದಿಯಲ್ಲಿ ಕಂಡ ಬದಲಾವಣೆಗಿಂತ ಸಮುದ್ರದ ಮೇಲ್ಮೈಗೆ ಆದ ಬಿಸಿಲಿನ ಕೊರತೆ ಎಷ್ಟೋ ಪಟ್ಟು ಜಾಸ್ತಿ ಇತ್ತು. ನಡುವಿನ ಅಂತರ ಎಲ್ಲಿ ಹೋಯಿತು? ಮಸಿ ಅದನ್ನು ಗಾಳಿಯಲ್ಲೇ ಹಿಡಿದು ಗಾಳಿಯನ್ನು ಬಿಸಿ ಮಾಡಿತ್ತು. 1993ರ ಶಾಂತಸಾಗರದ ನಡುವೆ ನೀರಾವಿಯದೇ ಕಾರುಬಾರು, ನಮ್ಮ ಸಮುದ್ರದ ಮೇಲೆ ಮೋಡವಿಲ್ಲದ ದಿನವೂ ಆವಿಯ ಜೊತೆ ಹೊಗೆ ಕೂತಿರುತ್ತೆ.

ಆದರೆ ನಿಮ್ಮ 22ರಲ್ಲಿ ಮಸಿ ನುಂಗಿದ್ದೆಷ್ಟು, ಧೂಳು ಮೇಲಕ್ಕೆ ಚದುರಿಸಿದ್ದೆಷ್ಟು ಅಂತ ಒಂದು ಮಹಡಿಯಿಂದ ಹೇಳಲು ಆಗಲ್ಲ. ಮಬ್ಬು ಒಟ್ಟು ಎಷ್ಟು ಅಂತ ಮಾತ್ರ ಹಿಡಿಯಬಹುದು. ಬೆಳಗ್ಗೆ ಸೂರ್ಯ ಏರುವಾಗ, ಬೆಳಕು ಗಾಳಿಯಲ್ಲಿ ಬರುವ ದಾರಿ ಕಮ್ಮಿಯಾಗುತ್ತಾ ಹೋಗುತ್ತೆ. ನೇರ ಬಿಸಿಲನ್ನು ಮಾತ್ರ ಹತ್ತು ನಿಮಿಷಕ್ಕೊಮ್ಮೆ ಅಳೆದು, ಅದರ ಲಾಗರಿದಮ್ಮನ್ನು ಆ ದಾರಿಯ ಉದ್ದದ ಎದುರು ಇಟ್ಟು ಗ್ರಾಫ್ ಮೇಲೆ ಗೆರೆ ಎಳೆಯಿರಿ. ಲ್ಯಾಂಗ್ಲಿ ಅನ್ನುವವರು 19ನೇ ಶತಮಾನದಲ್ಲೇ ಮಾಡಿದ ಉಪಾಯ. ಗೆರೆ ಎಷ್ಟು ಕಡಿದಾಗಿದೆಯೋ ಮಬ್ಬು ಅಷ್ಟು.

ಜಗಳೂರು ಜಾಲಿ

ಮೇಷ್ಟ್ರೇ, ಆ ಗೆರೆ ನಮ್ಮೂರಲ್ಲೂ ಎಳೆಯಿರಿ. ಇಲ್ಲಿ ಹೊಗೆ ಕಮ್ಮಿ, ಧೂಳು ಜಾಸ್ತಿ. ಹೊಲದಲ್ಲಿ ನಿಲ್ಲಿಸಲು ಜಾಗ ನಾನು ಕೊಡ್ತೀನಿ. ರೊಟ್ಟಿ, ಶೇಂಗಾ ಚಟ್ನಿಯೂ.

ಮಹಡಿ ಮೇಷ್ಟ್ರು

ಖಂಡಿತ ಬರ್ತೀನಿ ಜಾಲಿಯವರೇ. ನಾಳೆ ಬೆಳಗ್ಗೆ ಏಳರಿಂದ ಇಲ್ಲಿ ಶುರು, ಭಾನುವಾರ ಅಲ್ಲಿ. ನೇರ ಬಿಸಿಲು ಬೇರೆ ಮಾಡಲು ಒಂದು ಪಿವಿಸಿ ಪೈಪಿಗೆ ಒಳಗೆಲ್ಲ ಕಪ್ಪು ಬಳಿದು ಇಟ್ಟಿದ್ದೇನೆ. ಫೋಟೋ ಹಾಕ್ತೀನಿ.

ಖಾರಾ ಮಂಡಕ್ಕಿ

ಅದೆಲ್ಲ ಸರಿ. ಡಬರಿ ಮನೆಯವರಿಗೆ ವಾಪಸ್ ಕೊಟ್ರಾ?

ಮಹಡಿ ಮೇಷ್ಟ್ರು

ಇನ್ನೂ ಮಹಡಿ ಮೇಲೇ ಇದೆ. ಕೆಳಗಿನಿಂದ ಕೂಗು ಬರ್ತಿದೆ.